ಯೂದಾಸನ ಮುಖಕ್ಕೆ ಕೂತವನು

ಅಸುನ್ಸಿಯೋನ್
9 ಸೆಪ್ಟೆಂಬರ್ 1990

ಪ್ರೀತಿಯ ಅಣ್ಣ,

ನಿನ್ನ ಕಾಗದ ಓದಿ ಎಷ್ಟು ಜೋರಾಗಿ ನಕ್ಕೆನೆಂದರೆ ಮದರ್ ಲುದೋವಿನಾ ಬಾಗಿಲಿಗೆ ಬಂದು ನಿಂತರು. "ಏನಮ್ಮಾ ಅಷ್ಟು ನಗು?" ಅಂದರು. "ಮಠಕ್ಕೆ ಸೇರಿದ ಮೇಲಾದರೂ ನಿಮಿಯಾ ತೆಪ್ಪಗಿರುತ್ತಾಳೆ ಎಂದು ಇಸಾಪಿ ಊರಿಗೆ ಊರೇ ನಂಬಿದೆ, ಪಾಪ" ಎಂದು ನೀನು ಬರೆದ ಸಾಲನ್ನು ಓದಿ ಹೇಳಿದೆ. ಅವರೂ ನಕ್ಕರು. ಆಮೇಲೆ ಪಾತ್ರೆ ತೊಳೆಯಲು ಕಳಿಸಿದರು.

ನಾನು ಚೆನ್ನಾಗಿದ್ದೇನೆ. ಬೆಳಿಗ್ಗೆ ಪ್ರಾರ್ಥನೆ, ಪಾಠ, ಅಡುಗೆಮನೆ. ಮಧ್ಯಾಹ್ನದ ಮೇಲೆ ನಮ್ಮನ್ನು ರೋಗಿಗಳ ಸೇವೆಗೆ ಕಳಿಸುತ್ತಾರೆ. ಅದರ ಬಗ್ಗೆ ಬರೆಯುವಂಥದ್ದು ಹೆಚ್ಚೇನಿಲ್ಲ. ರೋಗಿಗಳು ಎಲ್ಲ ಕಡೆಯೂ ರೋಗಿಗಳೇ.

ಒಂದು ಕೆಲಸ ಮಾಡಿಕೊಡಬೇಕು. ನನ್ನ ಪಾಲಿನ ರೋಗಿಯೊಬ್ಬ ಊಟವನ್ನೇ ಬಿಟ್ಟಿದ್ದಾನೆ. ಹಲ್ಲು ಉದುರಿವೆ, ಹೊಟ್ಟೆಯಲ್ಲಿ ಹುಣ್ಣು. ಸೂಪು ಕೊಟ್ಟರೆ ಗೋಡೆಯ ಕಡೆ ತಿರುಗುತ್ತಾನೆ. ಮೊನ್ನೆ ಬಾಯಿ ಬಿಟ್ಟು ಕೇಳಿದ್ದು ಒಂದೇ, "ಚಿಪಾ ಇದ್ರೆ ತಿಂತೀನಿ" ಅಂತ. ಇಲ್ಲಿ ಬಸ್ ನಿಲ್ದಾಣದಲ್ಲಿ ಮಾರುವ ಕಲ್ಲಿನಂಥ ಚಿಪಾ ರೊಟ್ಟಿ ತಿಂದರೆ ಇರುವ ಹಲ್ಲೂ ಹೋಗುತ್ತವೆ. ನಮ್ಮ ಮಣ್ಣಿನ ಒಲೆಯಲ್ಲಿ ಬೇಯಿಸಿ ಒಂದಷ್ಟು ಕಳಿಸುತ್ತೀಯಾ? ಅವ್ವ ಮಾಡುತ್ತಿದ್ದ ಹಾಗೆಯೇ ಮಾಡು. ಊರವರು ಎಷ್ಟು ಆಡಿಕೊಂಡರೂ ಅವಳು ಸೋಂಪನ್ನು ಹಿಡಿಗಟ್ಟಲೆ ಸುರಿಯುತ್ತಿದ್ದಳಲ್ಲ, ಹಾಗೆ.

ನಿನ್ನ ತಂಗಿ
ನಿಮಿಯಾ


ಇಸಾಪಿ
14 ಅಕ್ಟೋಬರ್ 1990

ಪುಟ್ಟಿ,

ಬಸ್ಸಿನ ಹೆರ್ವಾಸಿಯೊ ಕೈಯಲ್ಲಿ ಚಿಪಾ ಕಳಿಸಿದ್ದೇನೆ. ದಾರಿಯಲ್ಲಿ ಅವನೇ ತಿಂದು ಮುಗಿಸದಿದ್ದರೆ ನಿನಗೆ ಸಿಗುತ್ತದೆ. ಮರಗೆಣಸಿನ ಹಿಟ್ಟು, ಚೀಸು, ಮೊಟ್ಟೆ ಎಲ್ಲ ಸರಿಯಾಗಿ ಬಿದ್ದಿವೆ, ಸೋಂಪಂತೂ ಅವ್ವನಿಗಿಂತ ಒಂದು ಹಿಡಿ ಜಾಸ್ತಿಯೇ. ಮಾಡಿದವನು ಕುದುರೆಯ ಜೀನು ಹೊಲಿಯುವ ಆಸಾಮಿ, ತೊಗಲಿನ ಹಾಗೆ ಕಂಡರೆ ಬೈಯಬಾರದು ಎಂದು ನಿನ್ನ ರೋಗಿಗೆ ಹೇಳು. ಪಾಪ, ಯಾರ ಮನೆಯ ಮಗನೋ. ಅವನು ತಿಂದರೆ ತಿಳಿಸು, ಪ್ರತಿ ತಿಂಗಳೂ ಕಳಿಸುತ್ತೇನೆ.

ಅವ್ವ ಸತ್ತ ದಿನಕ್ಕೆ ಫಾದರ್ ರುಪೆರ್ತೊ ಹತ್ತಿರ ಪೂಜೆ ಮಾಡಿಸಿದೆ. ನಿನ್ನ ಹತ್ತಿರ ಸುಳ್ಳು ಯಾಕೆ, ನನಗೆ ಪ್ರಾರ್ಥನೆ ಬರಲಿಲ್ಲ. ಚರ್ಚಿನ ಮಾತೆಯ ಪ್ರತಿಮೆಯ ಬರಿಗಿವಿ ನೋಡುತ್ತಾ ಕೂತಿದ್ದೆ. ಆ ಮೆಲಾನಿಯೊ ಚಿನ್ನದ ಓಲೆ, ಜಪಸರ ಎಲ್ಲ ದೋಚಿಕೊಂಡು ಗಡಿ ದಾಟಿದ. ಆಭರಣದ ಪೆಟ್ಟಿಗೆಯ ಕೀಲಿ ಅವ್ವನ ಸೊಂಟದಲ್ಲಿತ್ತು ಎಂಬ ಒಂದೇ ಕಾರಣಕ್ಕೆ ಊರೆಲ್ಲ ಅವಳ ಕಡೆ ಬೆರಳು ತೋರಿಸಿತು. ಜೀವನವಿಡೀ ಮಾತೆಗೆ ಉಡುಗೆ ತೊಡಿಸಿದವಳು ಬಾವಿಯ ಹತ್ತಿರ ಹೋದರೆ ಹೆಂಗಸರು ಕೊಡ ಎತ್ತಿಕೊಂಡು ನಡೆಯುತ್ತಿದ್ದರು. ಕಳ್ಳ ಸಿಕ್ಕಿಬಿದ್ದ ಸುದ್ದಿ ಬಂದಾಗ ಅವ್ವ ಆ ಕೊರಗಿನಲ್ಲೇ ಸತ್ತು ಮಣ್ಣಿನ ಕೆಳಗಿದ್ದಳು. ಮೊದಲು ಬೆರಳು ತೋರಿಸಿದ ಬೆನಿಗ್ನಜ್ಜಿಯ ಸೊಂಟದಲ್ಲೇ ಈಗ ಆ ಕೀಲಿ ಇದೆ! ಪೂಜೆ ಮುಗಿದ ಮೇಲೆ ನನ್ನ ತಲೆ ಸವರಲು ಬಂದಳು. ನಾನು ಟೋಪಿ ಹಾಕಿಕೊಂಡೆ.

ಇಸಾಬೆಲಿನೊ


ಅಸುನ್ಸಿಯೋನ್
12 ಡಿಸೆಂಬರ್ 1990

ಅಣ್ಣ,

ತಿಂದ! ಹಾಲಿನಲ್ಲಿ ನೆನೆಸಿ ಚಮಚದಲ್ಲಿ ಕೊಟ್ಟೆ. ಮೊದಲ ದಿನ ಒಂದು ತುಂಡು, ಆಮೇಲೆ ಅರ್ಧ, ಕೊನೆಗೆ ಪೂರ್ತಿ. ನವೆಂಬರಿನಲ್ಲಿ ನೀನು ಕಳಿಸಿದ್ದೂ ಖಾಲಿ. ಈಗ ಎದ್ದು ಕೂರುತ್ತಾನೆ. ಇನ್ನು ಸ್ವಲ್ಪ ದಿನದಲ್ಲಿ ಅವನನ್ನು ಊರಿಗೆ ಬಿಡುತ್ತಾರಂತೆ. ಯಾವ ಊರು, ಏನು ಹೆಸರು ಎಂದೆಲ್ಲ ಕೇಳಿದ್ದೀಯ. ರೋಗಿಗಳ ಹೆಸರು ಹೊರಗೆ ಹೇಳುವುದು ನಮ್ಮಲ್ಲಿ ಪದ್ಧತಿಯಲ್ಲ. ಬೇಜಾರು ಮಾಡಿಕೊಳ್ಳಬೇಡ.

ಈಗ ದೊಡ್ಡ ಸುದ್ದಿ. ಮದರ್ ಒಪ್ಪಿದ್ದಾರೆ. ಏಪ್ರಿಲ್ ಏಳಕ್ಕೆ, ಈಸ್ಟರ್ ಪಾಸ್ಖದ ಮುಂದಿನ ಭಾನುವಾರ, ನನ್ನ ಸನ್ಯಾಸದ ಮೊದಲ ವ್ರತ. ಇಷ್ಟು ದಿನ "ದೇವರು ಕರೆದ, ಬಂದೆ" ಎಂದು ಹೇಳಿಕೊಂಡು ತಿರುಗುತ್ತಿದ್ದೆ. ಈಗ ನಿಜವಾಗಿ ಹೌದು ಎನ್ನಬೇಕು. ಹೆದರಿಕೆ, ಸಂತೋಷ ಎರಡೂ ಒಟ್ಟಿಗೆ ಇವೆ. ಚರ್ಚಿನ ಬಾಗಿಲಿನಿಂದ ಪೀಠದವರೆಗೆ ಹೆತ್ತವರು ಕೈ ಹಿಡಿದು ಕರೆದುಕೊಂಡು ಹೋಗಿ ಒಪ್ಪಿಸಬೇಕು. ನನಗೆ ಇರುವವನು ನೀನೊಬ್ಬ. ಬರುತ್ತೀಯ ತಾನೆ? ಆ ಕಂದು ಕೋಟು ಮಾತ್ರ ಬೇಡ.

ನಿಮಿಯಾ


ಇಸಾಪಿ
20 ಜನವರಿ 1991

ನಿಮಿಯಾ,

ಖಂಡಿತ ಬರುತ್ತೇನೆ. ಕಂದು ಕೋಟಿನಲ್ಲೇ ಬರುತ್ತೇನೆ, ನನಗಿರುವುದು ಅದೊಂದೇ.

ಆದರೆ ಈ ಕಾಗದ ಬರೆಯಲು ಕೂತದ್ದು ಅದಕ್ಕಲ್ಲ. ಅವನು ಬಂದಿದ್ದಾನೆ. ಮೆಲಾನಿಯೊ. ಜೈಲಿನಿಂದ ಬಿಟ್ಟಿದ್ದಾರಂತೆ. ಹೊಳೆಯ ಆಚೆ ತನ್ನ ಅಕ್ಕನ ಗುಡಿಸಲಿನಲ್ಲಿದ್ದಾನೆ. ಮೊನ್ನೆ ಸಂತೆಯಲ್ಲಿ ನಡೆದು ಬಂದ, ದನದ ಹಾಗೆ ತಲೆ ತಗ್ಗಿಸಿಕೊಂಡು. ಜನ ದಾರಿ ಬಿಟ್ಟರು. ಮರ್ಯಾದೆಗಲ್ಲ, ಮೈ ತಾಗಬಾರದು ಎಂದು. ನಾನು ಅಂಗಡಿಯ ಒಳಗೆ ದಬ್ಬಳ ಹಿಡಿದು ನಿಂತಿದ್ದೆ.

ಸಂಜೆ ಊರ ಹಿರಿಯರು ಬಂದರು. ಪಾಸ್ಖದ ಬೆಳಿಗ್ಗೆ ಸುಡುವ ದ್ರೋಹಿ ಯೂದಾಸನ ಗೊಂಬೆಗೆ ಈ ಸಲ ಯಾರ ಮುಖ ಎಂದು ಕೇಳುವುದಕ್ಕೇ ಬಂದಿದ್ದರು, ಆದರೆ ಯಾರೂ ಕೇಳಲಿಲ್ಲ. ಎಲ್ಲರಿಗೂ ಗೊತ್ತಿತ್ತು. ಅಪ್ಪ ಮಾಡುತ್ತಿದ್ದ ಕಾಲದಿಂದಲೂ ಮುಖ ಎಂದರೆ ಒಂದು ಸೋರೆಬುರುಡೆ, ಇಲ್ಲವೇ ತೆರಿಗೆ ಅಧಿಕಾರಿಯದೋ ದಲ್ಲಾಳಿಯದೋ ಅಣಕ. ಈ ಸಲ ಅಚ್ಚು ತೆಗೆದ ಹಾಗೆ ಮಾಡುತ್ತೇನೆ ಎಂದೆ. ಊರು ನೋಡಿದ ಕೂಡಲೇ ಹೆಸರು ಹಿಡಿದು ಕೂಗಬೇಕು. ಬೆಂಕಿ ಅವನ ಮೂಗಿನಿಂದ ಶುರುವಾಗಬೇಕು. ಅದಾದ ಮೇಲೂ ಅವನು ಈ ಊರಲ್ಲಿ ಇರುತ್ತಾನೋ ನೋಡೋಣ.

ಅವ್ವನ ಮಗನಾಗಿ ನಾನು ಇಷ್ಟಾದರೂ ಮಾಡಬೇಡವೇ?

ಇಸಾಬೆಲಿನೊ


ಅಸುನ್ಸಿಯೋನ್
11 ಫೆಬ್ರವರಿ 1991

ಪ್ರೀತಿಯ ಅಣ್ಣ,

ನಾಡಿದ್ದು ಬೂದಿ ಬುಧವಾರ. ಅಂದಿನಿಂದ ಪಾಸ್ಖದವರೆಗೆ ಈ ಮನೆಯಲ್ಲಿ ನಾವು ಕಾಗದ ಬರೆಯುವಂತಿಲ್ಲ. ಬಂದದ್ದನ್ನು ಓದಬಹುದು. ಆದ್ದರಿಂದ ಬೇಗ ಎರಡು ಮಾತು.

ಅಣ್ಣ, ಅದು ಬೇಡ. ಪ್ರತಿಯೊಬ್ಬ ಮನುಷ್ಯನೂ ತಾನು ಮಾಡಿದ ಕೆಟ್ಟ ಕೆಲಸಕ್ಕಿಂತ ದೊಡ್ಡವನು. ದೇವರು ಅವನನ್ನೂ ಪ್ರೀತಿಸುತ್ತಾನೆ. ಪ್ರಾರ್ಥನೆ ಮಾಡು, ನಾನೂ ಮಾಡುತ್ತೇನೆ.

ನಿಮಿಯಾ


ಇಸಾಪಿ
9 ಮಾರ್ಚ್ 1991

ಸಿಸ್ಟರ್ ನಿಮಿಯಾ ಅವರಿಗೆ,

ನಿಮ್ಮ ಉಪದೇಶ ತಲುಪಿತು. ಭಾನುವಾರದ ಪ್ರಸಂಗಕ್ಕೆ ಫಾದರ್ ರುಪೆರ್ತೊಗೆ ಕೊಡೋಣ ಎಂದುಕೊಂಡಿದ್ದೆ. ಈಗ ನನಗೇ ಒಂದು ಪ್ರಸಂಗ ಸಿಕ್ಕಿದೆ, ಕೂತು ಕೇಳಿ.

ಮುಖ ಮಾಡಬೇಕಾದರೆ ಮುಖ ನೋಡಬೇಕು. ಹೊಳೆಯ ಹತ್ತಿರ, ಸಂತೆಯಲ್ಲಿ, ಕದ್ದು ಕದ್ದು ನೋಡಿದೆ. ಜೇಡಿಮಣ್ಣಿನಲ್ಲಿ ಅಚ್ಚು ಮಾಡಿಟ್ಟೆ. ಎಷ್ಟು ತಿದ್ದಿದರೂ ಮೂಗು ಕೂರಲೊಲ್ಲದು. ಒಂದು ದಿನ ಬೆಳಿಗ್ಗೆ ಬಾಗಿಲಲ್ಲಿ ನೆರಳು ಬಿತ್ತು. ನೋಡಿದರೆ ಅವನೇ. ಒಳಗೆ ಬಂದು ಮಣ್ಣಿನ ಮುಖದ ಮುಂದೆ ನಿಂತ.

"ಇದು ನಾನಾ?" ಅಂದ.

"ಮತ್ಯಾರು? ಊರಲ್ಲಿ ಇನ್ನೊಬ್ಬ ಯೂದಾಸ ಇದ್ದಾನಾ?"

"ಮೂಗು ತಪ್ಪಿದೆ ಲಿನೊ. ಜೈಲಲ್ಲಿ ಮುರಿದ್ರು, ಎಡಕ್ಕೆ ವಾಲಿದೆ ನೋಡು. ದೂರದಿಂದ ನೋಡಿದ್ರೆ ಗೊತ್ತಾಗಲ್ಲ." ಸ್ಟೂಲು ಎಳೆದುಕೊಂಡು ಕಿಟಕಿಯ ಕಡೆ ಮುಖ ಮಾಡಿ ಕೂತೇಬಿಟ್ಟ. "ಸರಿಯಾಗಿ ನೋಡಿ ಮಾಡು. ಸುಡೋದೇ ಆದ್ರೆ ನನ್ನನ್ನೇ ಸುಡಿ, ನನ್ನಂಥವನನ್ನ ಬೇಡ."

ಎದ್ದು ಹೋಗು ಎನ್ನಬೇಕಿತ್ತು. ಆದರೆ ನನಗೂ ಹಟ. ಕೂರು ಎಂದೆ. ಅಂದಿನಿಂದ ದಿನಾ ಬರುತ್ತಾನೆ. ಮಾತಿಲ್ಲ ಕತೆಯಿಲ್ಲ. ನಾನು ಮರಗೆಣಸಿನ ಗಂಜಿಯಲ್ಲಿ ಕಾಗದ ಅದ್ದಿ ಅಚ್ಚಿನ ಮೇಲೆ ಪದರ ಪದರ ಕೂರಿಸುತ್ತೇನೆ, ಅವನು ನೊಣವನ್ನೂ ಓಡಿಸದೆ ಕೂತಿರುತ್ತಾನೆ. ನಿನ್ನೆ ಮಧ್ಯಾಹ್ನ ಅಲ್ಲೇ ಇದ್ದ ಬುಟ್ಟಿಯಿಂದ ಒಂದು ಚಿಪಾ ತೆಗೆದು ಅವನ ಕಡೆ ಎಸೆದೆ. ಹಸಿದವನ ಮುಖ ಬೇರೆ ಇರುತ್ತದೆ, ನನಗೆ ಅದು ಬೇಡವಾಗಿತ್ತು, ಅಷ್ಟೇ. ಒಂದು ಚೂರು ಮುರಿದು ಬಾಯಿಗಿಟ್ಟವನು ಅಗಿಯುವುದನ್ನೇ ನಿಲ್ಲಿಸಿದ.

"ಇದನ್ನ ಯಾರು ಮಾಡಿದ್ದು?"

"ನಾನು. ಯಾಕೆ, ವಿಷ ಹಾಕಿದ್ದೀನಿ ಅಂತನಾ?"

"ಇಷ್ಟು ಸೋಂಪು..." ಅಂದ. "ಜೈಲಿನ ರೋಗಿಗಳ ಕೋಣೆಯಲ್ಲಿ ನಾನು ಸಾಯ್ತಾ ಬಿದ್ದಿದ್ದೆ. ಒಬ್ಬಳು ಪುಟ್ಟ ಸಿಸ್ಟರ್ ಇದನ್ನ ಹಾಲಲ್ಲಿ ನೆನೆಸಿ ತಿನ್ನಿಸ್ತಿದ್ಲು. ಇದೇ. ಇದೇ ಚಿಪಾ. ಆ ಹುಡುಗಿಯ ಹುಬ್ಬೂ ನಿನ್ನ ಥರಾನೇ, ಕೂಡಿಕೊಂಡಿತ್ತು."

ಗಂಜಿಯ ಬಟ್ಟಲನ್ನು ಎತ್ತಿ ಗೋಡೆಗೆ ಹೊಡೆದೆ. ಅವನು ಹೋದ.

ಜೈಲು! ಆಸ್ಪತ್ರೆಯಲ್ಲ, ಜೈಲು. ನನ್ನ ತಂಗಿ ಕಳ್ಳರ ನಡುವೆ ಓಡಾಡುತ್ತಿದ್ದಾಳೆ, ನನಗೆ ಗೊತ್ತಿಲ್ಲ. ಅವ್ವನನ್ನು ಕೊಂದವನಿಗೆ ಅವ್ವನ ಚಿಪಾ ತಿನ್ನಿಸಿದ್ದಾಳೆ, ಅದನ್ನು ನನ್ನ ಕೈಯಲ್ಲೇ ಮಾಡಿಸಿದ್ದಾಳೆ. "ಪಾಪ, ಯಾರ ಮನೆಯ ಮಗನೋ" ಎಂದು ಬರೆದಿದ್ದೆನಲ್ಲ, ಓದಿ ನಗು ಬಂದಿರಬೇಕು.

ಏಪ್ರಿಲ್ ಏಳಕ್ಕೆ ನಾನು ಬರುವುದಿಲ್ಲ. ನಿನ್ನನ್ನು ಪೀಠಕ್ಕೆ ಕರೆದುಕೊಂಡು ಹೋಗಲು ಅವನನ್ನೇ ಕರೆ.

ಇಸಾಬೆಲಿನೊ ಒವೆಲಾರ್


ಅಸುನ್ಸಿಯೋನ್
14 ಮಾರ್ಚ್ 1991

ಅಣ್ಣ,

ತಪಸ್ಸುಕಾಲದಲ್ಲಿ ಕಾಗದ ಬರೆಯುತ್ತಿದ್ದೇನೆ. ನಿನ್ನ ಕಾಗದ ಹಿಡಿದುಕೊಂಡು ಮದರ್ ಹತ್ತಿರ ಹೋದೆ. ಓದಿದರು. "ಅಣ್ಣ ಹೀಗೆ ಉರೀತಿರುವಾಗ ನೀನು ಮೌನವ್ರತ ಮಾಡ್ತೀಯಾ? ಹೋಗು, ಬರಿ" ಎಂದು ತಮ್ಮ ಮೇಜಿನ ಮುಂದೆಯೇ ಕೂರಿಸಿದ್ದಾರೆ.

ನನಗೆ ನಗು ಬರಲಿಲ್ಲ ಅಣ್ಣ. ಆ ಸಾಲನ್ನು ಓದಿ ಅತ್ತಿದ್ದೆ.

ಹೌದು, ಜೈಲು. ನಮ್ಮ ಸಭೆಯವರ ಕೆಲಸವೇ ಅದು. ಗೊತ್ತಾದರೆ ನೀನು ಬಂದು ಎಳೆದುಕೊಂಡು ಹೋಗುತ್ತೀಯ ಎಂದು, ನೀನು ಆಸ್ಪತ್ರೆ ಎಂದುಕೊಂಡದ್ದನ್ನು ತಿದ್ದಲಿಲ್ಲ. ಮೊದಲ ದಿನ ಮಂಚದ ಕಾಲ ಬಳಿ ಅವನ ಹೆಸರು ಓದಿದೆ. ತಟ್ಟೆಯನ್ನು ನೆಲಕ್ಕಿಟ್ಟು ಹೊರಗೆ ಓಡಿದೆ. "ನನಗೆ ಬೇರೆ ಕೋಣೆ ಕೊಡಿ ಮದರ್" ಎಂದೆ. ಎಲ್ಲ ಹೇಳಿದೆ, ಅವ್ವ, ಬಾವಿ, ಕೀಲಿ.

"ಸರಿ, ನಾಳೆಯಿಂದ ಬೇರೆ ಕೋಣೆ" ಅಂದರು. "ಇವತ್ತು ಅವನಿಗೆ ಊಟ ಆಗಿಲ್ಲ. ಕೊಟ್ಟು ಬಾ."

"ನನಗೆ ಅವನ ಮುಖ ನೋಡೋಕೂ ಆಗಲ್ಲ."

"ನಿನ್ನ ಕಣ್ಣಿಂದ ಆಗಲ್ಲ. ನನ್ನ ಕಣ್ಣಿಂದ ಆಗುತ್ತಾ? ಇಲ್ಲಿ ಇರೋರು ಏನೇನು ಮಾಡಿ ಬಂದಿದ್ದಾರೆ ಅಂತ ನನಗೂ ಗೊತ್ತಮ್ಮ. ನಾನು ಗೇಟಿನ ಹತ್ತಿರ ದಿನಾ ಕೇಳ್ಕೊಳ್ತೀನಿ, ಸ್ವಾಮಿ, ಇವತ್ತೊಂದು ದಿನ ನಿನ್ನ ಕಣ್ಣು ಕೊಡು, ಸಂಜೆ ವಾಪಸ್ ಕೊಟ್ಟುಬಿಡ್ತೀನಿ ಅಂತ."

"ವಾಪಸ್ ತಗೊಳ್ತಾನಾ?"

"ಇದುವರೆಗೂ ಕೇಳಿಲ್ಲ" ಅಂದರು.

ಹೋದೆ. ಬೇಡಿಕೊಂಡೇ ಹೋದೆ, ಹಲ್ಲು ಕಚ್ಚಿಕೊಂಡು. ಏನೂ ಬೆಳಕು ಗಿಳಕು ಕಾಣಲಿಲ್ಲ. ಚಮಚ ಬಾಯಿಗೆ ಸರಿಯಾಗಿ ಹೋಗಬೇಕಾದರೆ ಬಾಯಿ ನೋಡಲೇಬೇಕು, ಅದಕ್ಕೆ ನೋಡಿದೆ. ಒಡೆದ ತುಟಿ. ಮರುದಿನ ಮದರ್ ಬೇರೆ ಕೋಣೆಯ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ನಿನ್ನ ಚಿಪಾ ತಿಂದ ದಿನ ಅವನು ಕೇಳಿದ, "ಯಾರು ಮಾಡಿದ್ದು ಸಿಸ್ಟರ್?" "ನಮ್ಮಣ್ಣ" ಎಂದೆ. "ನನ್ನಂಥವನಿಗೆ ಯಾರೋ ಒಲೆ ಹಚ್ಚಿದ್ರಾ?" ಎಂದು ಸೂರು ನೋಡುತ್ತಾ ಮಲಗಿದ. ಕಣ್ಣಿನಿಂದ ನೀರು ಕಿವಿಗೆ ಇಳಿಯುತ್ತಿತ್ತು. ನಾನು ಚಮಚ ಹಿಡಿದುಕೊಂಡು ನಿಂತೇ ಇದ್ದೆ. ಆಗ ಹೊಳೆದದ್ದನ್ನು ಇಲ್ಲಿಯವರೆಗೆ ನಿನಗೆ ಹೇಳುವ ಧೈರ್ಯ ಬರಲಿಲ್ಲ, ಅದಕ್ಕೇ ಪ್ರಸಂಗದ ಪುಸ್ತಕದಂಥ ಕಾಗದ ಬರೆದೆ. ಈಗ ಹೇಳುತ್ತೇನೆ. ಹೆಸರು ಗೊತ್ತಿಲ್ಲದಾಗ ನೀನು ಅವನನ್ನು ಪ್ರೀತಿಸಿದೆ ಅಣ್ಣ. ಹಿಟ್ಟು ಕಲಸಿ, ಒಲೆ ಹಚ್ಚಿ, ಬಸ್ಸಿಗೆ ಹಾಕಿ, ತಿಂದನಾ ಎಂದು ಕೇಳಿ ಕೇಳಿ ಪ್ರೀತಿಸಿದೆ. ದೇವರು ಹೆಸರು ಗೊತ್ತಿದ್ದೂ ಪ್ರೀತಿಸುತ್ತಾನೆ. ನಿಮ್ಮಿಬ್ಬರ ನಡುವೆ ಅಷ್ಟೇ ವ್ಯತ್ಯಾಸ.

ಅವನು ಮಾಡಿದ್ದು ಸಣ್ಣದು ಎನ್ನುತ್ತಿಲ್ಲ. ಸುಡಬೇಡ ಎಂದೂ ಈಗ ಹೇಳುವುದಿಲ್ಲ. ಒಂದೇ ಕೇಳಿಕೆ, ಆ ಮುಖವನ್ನು ಅರ್ಧಕ್ಕೆ ಬಿಡಬೇಡ. ಅವನನ್ನು ಮತ್ತೆ ಕರೆದು ಕೂರಿಸು. ಪೂರ್ತಿ ನೋಡಿ ಮಾಡು. ಆಮೇಲೆ ನಿನ್ನ ಇಷ್ಟ.

ನೀನು ಬಾರದಿದ್ದರೆ ತಾವೇ ಕೈ ಹಿಡಿಯುತ್ತೇನೆ ಎಂದಿದ್ದಾರೆ ಮದರ್. ಅವರ ಕೈ ಚೆನ್ನಾಗಿದೆ. ಆದರೆ ನನಗೆ ನಿನ್ನ ಕೈ ಬೇಕು.

ನಿಮಿಯಾ


ಇಸಾಪಿ
1 ಏಪ್ರಿಲ್ 1991, ಪಾಸ್ಖದ ಮರುದಿನ

ಪುಟ್ಟಿ, ನನ್ನ ಪುಟ್ಟಿ,

ನಿನ್ನೆ ಕೂಗಿ ಕೂಗಿ ಗಂಟಲು ಕಟ್ಟಿಹೋಗಿದೆ, ಮಾತೇ ಹೊರಡುತ್ತಿಲ್ಲ. ಒಳ್ಳೆಯದಾಯಿತು, ಬರೆಯುತ್ತೇನೆ.

ನಿನ್ನ ಕಾಗದ ಓದಿ ಎರಡು ದಿನ ಅಂಗಡಿಯ ಬಾಗಿಲು ತೆಗೆಯಲಿಲ್ಲ. ಆಮೇಲೆ ಹೊಳೆ ದಾಟಿ ಹೋಗಿ, "ಬಾ, ಕೆಲಸ ಬಾಕಿ ಇದೆ" ಎಂದೆ. ಬಂದು ಕೂತ. ಈ ಸಲ ನಾನೇ ಬಾಯಿ ಬಿಟ್ಟೆ.

"ಯಾಕೆ ಕದ್ದೆ?"

"ಕುಡಿತ. ಇಸ್ಪೀಟು. ಇನ್ನೇನೋ ಇತ್ತು ಅಂತ ಹೇಳಬೇಕು ಅನ್ಸತ್ತೆ, ಇರಲಿಲ್ಲ."

"ನಮ್ಮವ್ವನ ಮೇಲೆ ಬಂತು ಅಂತ ಗೊತ್ತಿತ್ತಾ?"

ಅವನು ಎಡಗಣ್ಣು ಮುಚ್ಚಿದ. "ಗೊತ್ತಿತ್ತು. ಗಡಿಯಾಚೆ ಯಾರೋ ಹೇಳಿದ್ರು. ನನಗೆ ಜಪ ಕಲಿಸಿದವಳು ನಿಮ್ಮವ್ವ. ಬಂದು ನಾನೇ ಅಂತ ಒಂದು ಮಾತು ಹೇಳಬಹುದಿತ್ತು. ಬರಲಿಲ್ಲ."

ಪುಟ್ಟಿ, ಅವನ ಕತ್ತಿಗೂ ನನ್ನ ಕೈಗೂ ಒಂದು ಮೊಳ ದೂರ. ಕೈಯಲ್ಲಿ ತೊಗಲು ಕೊಯ್ಯುವ ಚಾಕು. ನನ್ನ ಕಣ್ಣಿನಿಂದ ನೋಡಿದ್ದರೆ ಏನಾಗುತ್ತಿತ್ತೋ. ನಿನ್ನ ಮದರ್ ಗೇಟಿನ ಹತ್ತಿರ ಕೇಳುವುದನ್ನು ನಾನು ಸ್ಟೂಲಿನ ಹತ್ತಿರ ಕೇಳಿದೆ, ಅಷ್ಟೇ ಸಿಟ್ಟಿನಲ್ಲಿ. ಚಾಕು ಕೆಳಗಿಟ್ಟು ಬ್ರಷ್ ಹಿಡಿದೆ. ಬಣ್ಣ ಹಚ್ಚುವುದೊಂದೇ ಉಳಿದಿತ್ತು, ಆ ದುಷ್ಟತನವನ್ನು ಎಲ್ಲಿ ಬರೆಯಬೇಕು ಎಂದು ಹುಡುಕಿದೆ. ಹುಬ್ಬಿನಲ್ಲಿ ನೋಡಿದೆ, ತುಟಿಯ ಕೊನೆಯಲ್ಲಿ ನೋಡಿದೆ, ದಿನಗಟ್ಟಲೆ ನೋಡಿದೆ. ಸಿಗಲಿಲ್ಲ. ಮಾಡಿದ್ದನ್ನೆಲ್ಲ ಮಾಡಿದವನು ಇವನೇ, ಆದರೆ ಇಲ್ಲಿ ಕೂತಿದ್ದವನು ಮೂಗು ವಾಲಿದ, ಒಂದು ಕೆನ್ನೆ ಒಳಕ್ಕೆ ಹೋದ, ನಾಚಿಕೆಯಾದರೆ ಎಡಗಣ್ಣು ಮುಚ್ಚುವ ಒಬ್ಬ ಮನುಷ್ಯ. ಯಾರ ಮನೆಯ ಮಗನೋ. ಮುಖ ಮುಗಿಯಿತು. ನಾನು ಇದುವರೆಗೆ ಮಾಡಿದ್ದರಲ್ಲೇ ಒಳ್ಳೆಯದು. ಸುಡಲಾರೆ ಎಂದೆ.

ಅವನು ಗಾಬರಿಯಾದ. "ಸುಡಬೇಕು ಲಿನೊ. ಊರವರ ಸಿಟ್ಟು ಸುಟ್ಟು ಹೋಗ್ಲಿ. ಆಮೇಲಾದ್ರೂ ನನ್ನ ಇರೋಕೆ ಬಿಡ್ತಾರೆ."

"ಇರೋಕೆ ಬೇರೆ ದಾರಿ ನೋಡೋಣ" ಎಂದೆ. ಏನು ದಾರಿ ಎಂದು ನನಗೂ ಆಗ ಗೊತ್ತಿರಲಿಲ್ಲ, ದೇವರಾಣೆ.

ನಿನ್ನೆ ಬೆಳಗಿನ ಜಾವ. ಗಂಡಸರು ಪುನರುತ್ಥಾನದ ಸ್ವಾಮಿಯನ್ನು ಹೊತ್ತುಕೊಂಡು ಗೋದಾಮಿನ ಬೀದಿಯಿಂದ, ಹೆಂಗಸರು ಕಪ್ಪು ಮುಸುಕು ಹೊದ್ದ ಮಾತೆಯನ್ನು ಹೊತ್ತುಕೊಂಡು ಶಾಲೆಯ ಕಡೆಯಿಂದ. ಚೌಕದಲ್ಲಿ ತಾಯಿ ಮಗ ಎದುರಾದರು. ಎರಡೂ ಮಂಟಪಗಳು ಬಾಗಿದವು. ಮುಸುಕು ತೆಗೆಯಬೇಕು. ಅವ್ವನ ಮನೆಯವರ ಹಕ್ಕು ಅದು. ನೀನು ಹೋದ ಮೇಲೆ ನನ್ನದು. ಎಲ್ಲರೂ ನನ್ನನ್ನು ನೋಡುತ್ತಿದ್ದಾರೆ. ನಾನು ಹಿಂದೆ ತಿರುಗಿ ಲಪಾಚೊ ಮರದ ಬುಡದಲ್ಲಿ ನಿಂತಿದ್ದವನನ್ನು ಕೂಗಿದೆ.

"ಮೆಲಾನಿಯೊ! ಬಾ ಇಲ್ಲಿ. ನೀನು ತೆಗಿ."

"ಲಿನೊ, ತಲೆ ಕೆಟ್ಟಿದ್ಯಾ?" ಎಂದರು ಯಾರೋ. "ಮಾತೆಗೆ ಅವಮಾನ!" ಎಂದು ಇನ್ನೊಬ್ಬರು. ಎರಡು ಮನೆಯವರು ಹೊರಟೇಹೋದರು. ಅವನು ಬರಲೊಲ್ಲ. ನಾನೇ ಹೋಗಿ ರಟ್ಟೆ ಹಿಡಿದು ಎಳೆದುಕೊಂಡು ಬಂದೆ.

"ಬೇಡ ಲಿನೊ. ಇದು ಅದೇ ಕೈ" ಎಂದ.

"ಗೊತ್ತು. ಅದೇ ಕೈ ಬೇಕು."

ಮಾತೆಯ ಪಕ್ಕ ಬೆನಿಗ್ನಜ್ಜಿ ಕಂಬದ ಹಾಗೆ ನಿಂತಿದ್ದಳು. ನನ್ನನ್ನು ನೋಡಿದಳು, ಅವನನ್ನು ನೋಡಿದಳು. ನಾನು ಅವಳನ್ನು ನೋಡಿದೆ. ಅವ್ವ ಸತ್ತ ಮೇಲೆ ಅವಳ ಮುಖವನ್ನು ನೇರವಾಗಿ ನೋಡಿದ್ದು ಅದೇ ಮೊದಲು. ಎಷ್ಟು ಮುದುಕಿಯಾಗಿಬಿಟ್ಟಿದ್ದಾಳೆ! ಅವನು ಮಂಟಪದ ಹತ್ತಿರ ಹೋಗಿ ಕೈ ಎತ್ತಿದ. ಮುಸುಕಿಗೆ ಕೈ ಹಾಕಿದ, ಎಳೆದ, ಅದು ಕಿರೀಟಕ್ಕೆ ಸಿಕ್ಕಿಕೊಂಡಿತು. ಮಾತೆಯ ಕಿವಿಗೆ ಬೆರಳು ತಾಗೀತು ಎಂದು ಹೆದರಿ ಮುಂದಕ್ಕೂ ಹೋಗಲಾರ, ಹಿಂದಕ್ಕೂ ಬರಲಾರ.

ಆಗ ಅಜ್ಜಿ ಲೊಚಗುಟ್ಟಿದಳು. "ಅಯ್ಯೋ ಮಂಕೇ, ಹಾಗಲ್ವೋ! ಎಡಗಡೆ ಪಿನ್ನು ಮೊದಲು. ಕೊಡು ಕೈ ಇಲ್ಲಿ." ಅವನ ಮಣಿಕಟ್ಟು ಹಿಡಿದು, ಬೆರಳುಗಳನ್ನು ತಾನೇ ಮಾತೆಯ ಕಿವಿಯ ಹಿಂದೆ ಕೊಂಡೊಯ್ದು, ಪಿನ್ನು ಬಿಡಿಸಿದಳು. "ಈಗ ಎಳಿ. ಧೈರ್ಯವಾಗಿ ಎಳೀಬೇಕು!"

ಎಳೆದ. ಮುಸುಕು ಜಾರಿತು. ಬಿಳಿ ಉಡುಗೆಯಲ್ಲಿ ಮಾತೆ, ಎದುರಿಗೆ ಎದ್ದು ಬಂದ ಮಗ, ಆಗಷ್ಟೇ ಹುಟ್ಟಿದ ಬಿಸಿಲು. ಗಂಟೆಗಳು ಶುರುವಾದವು, ಬ್ಯಾಂಡಿನವರು ಶುರು ಮಾಡಿದರು, ಪಟಾಕಿ ಸಿಡಿದವು. "ಅಲ್ಲೆಲೂಯ!" ಎಂದು ಮೊದಲು ಕೂಗಿದವಳು ಅಜ್ಜಿಯೇ, ಆಮೇಲೆ ಚೌಕಕ್ಕೆ ಚೌಕವೇ. ಗಂಟಲು ಹರಿಯುವ ಹಾಗೆ ನಾನೂ ಕೂಗಿದೆ. ಅವನು ಮುಸುಕನ್ನು ಎದೆಗೆ ಅವಚಿಕೊಂಡು ಮಂಡಿಯೂರಿದ. ಹೆಂಗಸರು ಒಬ್ಬೊಬ್ಬರಾಗಿ ಬಂದು ಅವನ ತಲೆ ಮುಟ್ಟಿದರು. ಅಜ್ಜಿ ನನ್ನ ಹತ್ತಿರ ಬಂದಳು. "ನಿಮ್ಮವ್ವನ ಹತ್ತಿರ ಕೇಳಬೇಕಾದ್ದನ್ನ ನಿನ್ನ ಹತ್ತಿರ ಕೇಳ್ತೀನಿ ಮಗನೇ" ಎಂದಳು. ಟೋಪಿ ತೆಗೆದು ತಲೆ ಬಗ್ಗಿಸಿದೆ.

ಯೂದಾಸನನ್ನೂ ಸುಟ್ಟೆವು. ಹಳೆಯ ಕಾಲದ ಹಾಗೆ ಸೋರೆಬುರುಡೆಯ ಮುಖ. "ಯಾರೋ ಇದು?" ಎಂದು ಮಕ್ಕಳು ಗೊಣಗಿದವು. "ಯೂದಾಸ ಕಣ್ರೋ, ಇನ್ಯಾರು" ಎಂದೆ. ಚೆನ್ನಾಗಿ ಸಿಡಿದ.

ಶನಿವಾರದ ಬಸ್ಸಿಗೆ ಹೊರಡುತ್ತೇನೆ. ಬೆನಿಗ್ನಜ್ಜಿಯೂ ಬರುತ್ತಾಳಂತೆ, ಬೇಡ ಎಂದರೆ ಕೇಳುವವಳಲ್ಲ. ಮೆಲಾನಿಯೊನನ್ನೂ ಕರೆದೆ. "ಅಸುನ್ಸಿಯೋನ್ ಸಾಕಪ್ಪಾ, ನಾನು ಅಲ್ಲಿ ಆರು ವರ್ಷ ಇದ್ದೆ" ಎಂದ. ಅವನು ಜೋಕು ಮಾಡಿದ್ದು ಎಂದು ಅರ್ಥವಾಗಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ನಿನ್ನ ಅಣ್ಣ
ಲಿನೊ


ಅಸುನ್ಸಿಯೋನ್
4 ಏಪ್ರಿಲ್ 1991

ಅಣ್ಣ,

ಇದನ್ನು ಹೆರ್ವಾಸಿಯೊ ಕೈಗೆ ಕೊಡುತ್ತಿದ್ದೇನೆ, ನೀನು ಹೊರಡುವುದರೊಳಗೆ ಸಿಕ್ಕೀತು.

ನಿನ್ನ ಕಾಗದ ಒಬ್ಬಳೇ ಓದಿ ತಡೆದುಕೊಳ್ಳಲಾಗಲಿಲ್ಲ. ಮದರ್ ಅಪ್ಪಣೆ ಕೇಳಿ ಜೈಲಿಗೆ ತೆಗೆದುಕೊಂಡು ಹೋದೆ. ರೋಗಿಗಳ ಕೋಣೆಯ ನಡುವೆ ನಿಂತು ಗಟ್ಟಿಯಾಗಿ ಓದಿದೆ. "ಯಾರು, ನಮ್ಮ ಮೆಲಾನಿಯೊನಾ?" ಎಂದು ಮಂಚದಿಂದ ಎದ್ದು ಕೂತರು. ಪಕ್ಕದ ಸಾಲಿನವರು ಸರಳಿಗೆ ಮುಖವೊತ್ತಿ ನಿಂತರು. ಅವನು ಕೈ ಎತ್ತಿದ ಕಡೆ ಬಂದಾಗ ಒಬ್ಬರೂ ಕೆಮ್ಮಲಿಲ್ಲ. ಅಜ್ಜಿ ಅವನ ಮಣಿಕಟ್ಟು ಹಿಡಿದಳು ಎಂದು ಓದಿದ್ದೇ ತಡ, ತಗಡಿನ ಲೋಟಗಳಿಂದ ಸರಳು ಬಡಿಯಲು ಶುರು ಮಾಡಿದರು. ಇಡೀ ಜೈಲು ಬಡಿಯಿತು ಅಣ್ಣ! ಇಸಾಪಿಯ ಗಂಟೆಗಳು ಅದರ ಮುಂದೆ ಏನೂ ಅಲ್ಲ. ದಂಗೆಯೆದ್ದಿತು ಎಂದುಕೊಂಡು ಕಾವಲಿನವರು ಓಡಿ ಬಂದರು. ವಿಷಯ ತಿಳಿದ ಮೇಲೆ ಅವರಲ್ಲೇ ಒಬ್ಬ, "ಆ ಪಿನ್ನಿನ ಭಾಗ ಇನ್ನೊಂದ್ಸಲ ಓದಿ ಸಿಸ್ಟರ್" ಎಂದ. ಓದಿದೆ. ಮತ್ತೆ ಬಡಿದರು.

ಹೊರಡುವಾಗ ಮೂಲೆಯ ಮಂಚದವನು ನನ್ನ ತೋಳು ಹಿಡಿದು ನಿಲ್ಲಿಸಿದ. ಅವನು ಮಾಡಿ ಬಂದದ್ದನ್ನು ನಿನಗೆ ಬರೆಯಲಾರೆ. ನಾನು ಬಂದಾಗಿನಿಂದ ಯಾರ ಹತ್ತಿರವೂ ಅವನು ಒಂದು ಮಾತಾಡಿದವನಲ್ಲ.

"ನಮ್ಮೂರಲ್ಲೂ ಆ ಹಬ್ಬ ಮಾಡ್ತಾರೆ ಸಿಸ್ಟರ್" ಎಂದ. ತನ್ನ ಎರಡೂ ಕೈ ನನ್ನ ಮುಂದೆ ಚಾಚಿದ. "ಈ ಕೈಗೂ ಆ ಮುಸುಕು ಕೊಡ್ತಾರಾ?"

ಭಾನುವಾರ ಪೀಠದ ಮುಂದೆ ನಾನು ಹೇಳಬೇಕಾದ ಮಾತನ್ನು ತಿಂಗಳುಗಳಿಂದ ಕಂಠಪಾಠ ಮಾಡುತ್ತಿದ್ದೇನೆ. ಅದೆಲ್ಲ ಯಾತಕ್ಕೆ ಎಂದು ನನಗೆ ಆಗ ಅರ್ಥವಾಯಿತು. ಆ ಕೈಗಳನ್ನು ಹಿಡಿದುಕೊಂಡೆ.

"ಹೌದು" ಎಂದೆ.

ಬೇಗ ಬಾ ಅಣ್ಣ.

ನಿಮಿಯಾ